ಎಂಜಿನ್ನಿನ ಬೆನ್ನಿಗೆ ಕೂತವನು

ಮೈದುನ ದತ್ತುವಿಗೆ,

ಗೋಕಾಕದ ಗೊಂಬೆ ಮನೆಯ ಹಿರಿಸೊಸೆ ಪಾರ್ವತಿ ಬರೆಯುವುದು. ಮೂಡಲಗಿಯ ಹೆಣ್ಣುಮಗಳು, ಹತ್ತನೆಯ ಇಯತ್ತೆ ಪಾಸಾದವಳು, ನಲವತ್ತು ವರ್ಷ ಈ ಮನೆಯ ಪ್ರತಿಯೊಂದು ಗೊಂಬೆಯ ಮೇಲೆ ಕೈಯಾಡಿಸಿ "ಹೋಗಲಿ" ಎಂದವಳು. ನಾನು ಹಾಗೆ ಅನ್ನದೆ ಒಂದು ಕಟ್ಟಿಗೆಯ ಪೇರಲಹಣ್ಣು ಕೂಡ ಈ ಹೊಸ್ತಿಲು ದಾಟಿಲ್ಲ. ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಆದರೂ ಬರೆದೆ, ಯಾಕೆಂದರೆ ಇದನ್ನು ಇನ್ನು ಮುಂದೆ ನಾನು ಬರೆಯುವ ಹಾಗಿಲ್ಲ. ಅದು ಹೇಗಾಯಿತು ಎಂದು ಹೇಳಲಿಕ್ಕೇ ಈ ಪತ್ರ.

ಕಿರಿಯರಿಗೆ ಬರೆಯುವಾಗ ಹೆಸರಿನ ಮುಂಚೆ "ಚಿ." ಎಂದು ಹಾಕುವುದು ನನ್ನ ರೂಢಿ. ಇವತ್ತೂ ಕೈ ತಾನಾಗಿಯೇ ಹಾಕಿತು. ಚಿರಂಜೀವಿ. ಆ ಹಾಳೆಯನ್ನು ಮಡಚಿ ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಂಡೆ, ಅಷ್ಟೇ. ನೀನು ಹೋಗಿ ನಾಲ್ಕು ತಿಂಗಳಾಯಿತು, ನನಗೆ ಇನ್ನೂ ಅಳು ಬಂದಿಲ್ಲ. ಸೊಸೆ ಸುನಂದಾ ಒಂದು ಸಲ ಬಾಗಿಲಲ್ಲಿ ನಿಂತು, "ಅತ್ತಿ, ಒಮ್ಮೆ ಅತ್ತಬಿಡ್ರಿ, ಹಗುರ ಆಗತೈತಿ" ಎಂದಳು. ಅಳುವುದು ರೊಟ್ಟಿ ಬಡಿದ ಹಾಗೆಯೇ? ಬೇಕೆಂದಾಗ ಕೂತು ಮಾಡಲಿಕ್ಕೆ...

ನಾನು ಮದುವೆಯಾಗಿ ಬಂದ ವರ್ಷ ನೀನು ಆರನೆಯ ಇಯತ್ತೆಯಲ್ಲಿದ್ದೆ. ಅತ್ತೆಯವರು ಪಡಸಾಲೆಯ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಒಂದೊಂದೇ ಹಣ್ಣನ್ನು ಕೈಯಲ್ಲಿ ಹೊರಳಿಸುತ್ತಿದ್ದರು. ಬೆರಳು ಎಲ್ಲಿ ತಡೆಯಿತೋ ಆ ಗೊಂಬೆ ಹಿಂದಕ್ಕೆ. ಉಬ್ಬು ಇದ್ದರೆ ತಿಕ್ಕಬೇಕು. ಕುಳಿ ಇದ್ದರೆ ಹುಣಸೆ ಬೀಜದ ಅಂಟಿನಲ್ಲಿ ಕಟ್ಟಿಗೆಪುಡಿ ಕಲಸಿ ತುಂಬಬೇಕು, ಮತ್ತೆ ಬಿಳಿ ಮಣ್ಣು ಬಳಿಯಬೇಕು. ನನ್ನನ್ನು ಪರೀಕ್ಷೆ ಮಾಡಲಿಕ್ಕೆ ನೀನು ಮಾವಿನಕಾಯಿಯ ತೊಟ್ಟಿನ ಹತ್ತಿರ ಒಂದು ಸಾಸಿವೆ ಕಾಳು ಅಂಟಿಸಿ ಮೇಲೆ ಬಣ್ಣ ಹಚ್ಚಿದ್ದೆ. ನಾನು ಹಿಡಿದೆ. "ವೈನೀಗಿ ಬೆರಳಿನಾಗ ಕಣ್ಣ ಅದಾವ" ಎಂದು ನೀನು ಓಣಿ ತುಂಬ ಸಾರಿಕೊಂಡು ಬಂದೆ. ನನಗೆ ಹೆಮ್ಮೆಯಾಗಿತ್ತು. ನಿನಗೆ ಯಾವತ್ತೂ ಹೇಳಲಿಲ್ಲ.

ಅತ್ತೆಯವರು ಆ ಮಣೆ ಬಿಟ್ಟೆದ್ದ ದಿನವೂ ನೀನು ಅಲ್ಲೇ ಇದ್ದೆ. ಗೋಕಾಕ ಫಾಲ್ಸ್ ನೋಡಲು ಬಂದವರು ಯಾರೋ ಒಯ್ದಿದ್ದ ಸೀತಾಫಲ ತಿರುಗಿ ಬಂತು. ಒಂದು ಕಡೆ ಕೂದಲೆಳೆಯಷ್ಟು ಬಿರುಕು. ಅವರು ಅದನ್ನು ಹೊರಳಿಸಿ ನೋಡಿದರು, ತಿರುಗಿ ತಂದವರಿಗೆ ಬೇರೊಂದು ಹಣ್ಣು ಕೊಟ್ಟು ಕಳಿಸಿದರು, ನನ್ನ ಕಡೆಗೆ ತಿರುಗಿದರು. "ನಾ ಹೋಗ್ಲಿ ಅಂದದ್ದು ಹೊಳ್ಳಿ ಬಂತು. ಇನ್ನಮ್ಯಾಲ ನೀ ನೋಡು, ಪಾರವ್ವ." ಆಮೇಲೆ ಸಾಯುವವರೆಗೆ ಅವರು ಒಂದು ಗೊಂಬೆಗೂ ಕೈಯಾಡಿಸಲಿಲ್ಲ. ಈ ಮನೆಯ ಪದ್ಧತಿ ಅದು. ಹೋಗಲಿ ಎಂದದ್ದು ತಪ್ಪಿ ತಿರುಗಿ ಬಂದರೆ, ಅಂದವಳು ಮಣೆ ಬಿಡಬೇಕು. ನನ್ನ ಕಾಲದಲ್ಲಿ ಒಂದೂ ತಿರುಗಿ ಬರಲಿಲ್ಲ. ನಿಮ್ಮಣ್ಣ ತೀರಿಕೊಂಡ ವರ್ಷವೂ ಬರಲಿಲ್ಲ. ಇದನ್ನು ನಾನು ಎಷ್ಟು ಮಂದಿಯ ಮುಂದೆ ಹೇಳಿಕೊಂಡಿದ್ದೇನೆ, ದತ್ತು?

ಮುಜಾವರ ಸಾಹೇಬರು ಕಣಗಲಾದಿಂದ ಮೊದಲ ಸಲ ಬಂದ ದಿನ ನೀನು ಗಿಣಿಯ ಕೊಕ್ಕು ತಿದ್ದುತ್ತ ಕೂತಿದ್ದೆ. ವಾಯುಸೇನೆಯಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಫ್ರಾನ್ಸ್ ದೇಶದ ವಿಮಾನಗಳು ನಮ್ಮ ಸೇನೆಗೆ ಬಂದಾಗ ಕೆಲಸ ಕಲಿಯಲು ಅವರನ್ನು ಅಲ್ಲಿಗೆ ಕಳಿಸಿದ್ದರಂತೆ. ಅಲ್ಲಿಯ ರವಿವಾರದ ಸಂತೆಯಲ್ಲಿ ಹಳೆ ಸಾಮಾನಿನ ನಡುವೆ ಅವರಿಗೆ ಹನ್ನೆರಡು ಫೋಟೋ ಸಿಕ್ಕಿದ್ದವು. ಮೊದಲ ಮಹಾಯುದ್ಧ ಮುಗಿದು ಎರಡನೆಯದು ಶುರುವಾಗುವ ನಡುವೆ ಆ ದೇಶದವರು ಮಾಡಿದ ಬಾಂಬು ಹಾಕುವ ವಿಮಾನಗಳು. ಫೋಟೋಗಳ ಹಿಂದೆ ಹೆಸರಿಲ್ಲ. ಅವುಗಳ ಗುರುತು ಹಿಡಿಯಬೇಕು, ಕಟ್ಟಿಗೆಯಲ್ಲಿ ಮಾಡಬೇಕು, ತಾವು ಕಲಿತ ಹುಕ್ಕೇರಿಯ ಶಾಲೆಯಲ್ಲಿ ಗಾಜಿನ ಕಪಾಟಿನಲ್ಲಿ ಇಡಬೇಕು. ಇದು ಅವರ ಆಸೆ.

ನಾನು ಒಂದು ಫೋಟೋ ಎತ್ತಿ ನೋಡಿ, "ಇದೇನ್ರಿ ಸಾಹೇಬ್ರ, ವಿಮಾನೋ ಸಂದೂಕೋ?" ಎಂದೆ.

"ಅಕ್ಕಾರ, ಇಷ್ಟ ಚಂದ ಇಲ್ಲದ ವಿಮಾನ ಜಗತ್ತಿನಾಗ ಯಾರೂ ಮಾಡಿಲ್ರಿ. ಅದಕ್ಕ ನನಗ ಇವುಗಳ ಮ್ಯಾಲ ಜೀವ."

"ಚಂದ ಇಲ್ಲದ್ದ ಮಾಡಾಕ ನಮ್ಮನಿಗಿ ಯಾಕ ಬಂದ್ರಿ? ನಾವ ಚಂದ ಮಾಡಾವ್ರು."

"ಸಾಲಿ ಮಕ್ಕಳ ನೋಡ್ಲಿ ಅಂತ್ರಿ. ಸರಿಯಾಗಿ ಹಾರೂಕಿಂತ ಮೊದಲ ಮನಷ್ಯಾ ಎಷ್ಟ ನಮೂನಿ ತಪ್ಪ ಮಾಡ್ಯಾನ ಅಂತ."

ನೀನು ಗಿಣಿಯನ್ನು ಕೆಳಗಿಟ್ಟಿದ್ದೆ. ಅರವತ್ತು ದಾಟಿದವನ ಮುಖದಲ್ಲಿ ಅಷ್ಟೊಂದು ಹಸಿವು ನಾನು ನೋಡಿರಲಿಲ್ಲ. ಮದುವೆ ಬೇಡ ಎಂದವನು, ಬೇರೆ ಊರು ಬೇಡ ಎಂದವನು, ಹಿಂದಿನ ಕೋಣೆ ಬಿಟ್ಟು ಏನೂ ಬೇಡ ಎಂದವನು. ಅವತ್ತು ನೀನು ಎರಡೂ ಕೈ ಚಾಚಿ ಆ ಫೋಟೋಗಳ ಲಕೋಟೆ ಇಸಿದುಕೊಂಡೆ.

ಆಮೇಲೆ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಮೊದಲು ರೆಕ್ಕೆ ಎಣಿಸಬೇಕು, ಆಮೇಲೆ ಎಂಜಿನ್ನು, ಆಮೇಲೆ ಗಾಲಿ, ಕಡೆಗೆ ಮೂಗು ನೋಡಬೇಕು ಎನ್ನುತ್ತಿದ್ದೆ. ರೊಟ್ಟಿಯನ್ನು ರೆಕ್ಕೆ ಮಾಡಿ ಅದರ ಕೆಳಗೆ ಎಣಗಾಯಿ ಬದನೆಕಾಯಿಗಳನ್ನು ಎರಡೆರಡು ಜೋಡಿಸಿ ಸುನಂದಾಳಿಗೆ ತೋರಿಸಿದ್ದೆ. "ನೋಡವಾ, ಇದು ಫಾರ್ಮಾನ್. ನಾಕ ಎಂಜಿನ್. ಮುಂದಿಂದು ಜಗ್ಗತೈತಿ, ಅದರ ಬೆನ್ನಿಗಿ ಹತ್ತಿದ್ದು ನೂಕತೈತಿ. ಹಾರೂ ಮುಂದ ಗಾಲಿ ಜೋತ ಬಿದ್ದಿದ್ರ ಎರಡನೂರಾ ಇಪ್ಪತ್ತೊಂದು, ಮಡಚಿಕೊಂಡಿದ್ರ ಎರಡನೂರಾ ಇಪ್ಪತ್ತೆರಡು." ನಾನು, "ದತ್ತು, ನಿನ್ನ ಎಂಜಿನ್ ಆರಾಕತ್ತೈತಿ, ತಿನ್ನು" ಎಂದೆ. ಹೊಟ್ಟೆಯ ಕೆಳಗೆ ಕಿಟಕಿಗಳಿರುವ ಇನ್ನೊಂದು ಕೋಣೆ ಹೊತ್ತುಕೊಂಡದ್ದು ಅಮಿಯೋ ೧೪೩. ಅದಕ್ಕೆ ಸುನಂದಾ "ಬಸುರಿ" ಎಂದು ಹೆಸರಿಟ್ಟಳು. ನೀನು ಬಸುರಿಯ ಹೊಟ್ಟೆಗೆ ಹನ್ನೊಂದು ದಿನ ತೆಗೆದುಕೊಂಡೆ. ಸಾಹೇಬರು ಕೊಟ್ಟಿದ್ದ ಹೆಸರುಗಳ ಪಟ್ಟಿ ನಿನ್ನ ಮಣೆಯ ಬದಿಗೇ ಇರುತ್ತಿತ್ತು. ಕೆಲವು ವಿಮಾನಗಳಿಗೆ ಚಿತ್ರವಿತ್ತು, ಕೆಲವಕ್ಕೆ ಬರೀ ಒಂದು ಸಾಲು. ಒಂದೊಂದಾಗಿ ಹನ್ನೊಂದರ ಗುರುತು ಹಿಡಿದೆ. ಹನ್ನೊಂದಕ್ಕೂ ಸಾಹೇಬರು ತಲೆದೂಗಿದರು.

ಹನ್ನೆರಡನೆಯ ಫೋಟೋದ ದಿನ ಪಡಸಾಲೆಯಲ್ಲಿ ನಾವು ಮೂವರೇ ಇದ್ದೆವು. ದೂರದಿಂದ, ಪಕ್ಕದಿಂದ ತೆಗೆದ ಚಿತ್ರ. ಬಣ್ಣ ಮಾಸಿತ್ತು. ಒಂದೇ ಅಂತಸ್ತಿನ ರೆಕ್ಕೆ, ಎರಡು ಎಂಜಿನ್ನು. ಈಚೆಯ ಎಂಜಿನ್ನಿನ ಹಿಂಬದಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ಸಾಹೇಬರು ಅದನ್ನು ಬ್ಲೋಕ್ ೨೦೦ ಎಂದರು. ಪಟ್ಟಿಯಲ್ಲಿ ಅವರು ತಮಗೆ ಬೇಕೆಂದು ಗುರುತು ಹಾಕಿಕೊಂಡಿದ್ದ ಹನ್ನೆರಡು ಹೆಸರುಗಳಲ್ಲಿ ಅದೊಂದೇ ಉಳಿದಿತ್ತು. ಶಾಲೆಯವರಿಗೂ ಹೇಳಿಬಿಟ್ಟಿದ್ದರು. ನೀನು ಪಟ್ಟಿಯ ಬೇರೊಂದು ಸಾಲಿನ ಮೇಲೆ ಬೆರಳಿಟ್ಟೆ. ಬ್ಲೆರಿಯೋ ೧೨೭. ಚಿತ್ರವಿಲ್ಲ. ಎರಡೂ ಎಂಜಿನ್ನುಗಳ ಹಿಂಬದಿಗೆ ಒಬ್ಬೊಬ್ಬ ಬಂದೂಕಿನವನು ಕೂಡುತ್ತಾನೆ ಎಂದಷ್ಟೇ ಬರೆದಿತ್ತು.

"ಈ ಚುಕ್ಕಿ ನೋಡ್ರಿ ಸಾಹೇಬ್ರ. ಇಲ್ಲಿ ಒಬ್ಬ ಮನಷ್ಯಾ ಕುಂತಾನ."

"ಅದು ಬೂಷ್ಟು, ದತ್ತೋಬಾ. ಮಳಿಗಾಲದಾಗ ಫೋಟೋಕ್ಕ ಹತ್ತೈತಿ."

"ಬೂಷ್ಟ ಬರೋಬ್ಬರಿ ಅಲ್ಲೇ ಹತ್ತತೈತೇನ್ರಿ?"

"ಎಂಜಿನ್ನಿನ ಬೆನ್ನಿಗಿ ಯಾರ ಕುಂಡ್ರತಾರೋ ಮಾರಾಯಾ? ಕಿವಿ ಹೋಗ್ತಾವ. ನಾ ನನ್ನ ಜಲ್ಮಾನ ಎಂಜಿನ್ನಿನ ಬಾಜೂಕ ಕಳದೇನಿ."

"ಹಿಂದಿಂದ ಯಾರ ಬರ್ತಾರ ಅಂತ ನೋಡಾಕ ಕುಂಡ್ರಸ್ತಾರ್ರಿ."

ನಾನು ಸುಮ್ಮನಿರಲಾರದೆ ಕೇಳಿದೆ. "ಮತ್ತ ಅಂವಾ ಉಳದವ್ರ ಕೂಡ ಮಾತಾಡೂದ ಹ್ಯಾಂಗ?"

"ಆಗೂದಿಲ್ರಿ ವೈನಿ. ಅಂವಾ ಒಬ್ಬನ."

ಇಬ್ಬರೂ ನನ್ನ ಕಡೆ ನೋಡಿದಿರಿ. ತೀರ್ಪು ಕೊಡು ಎಂಬಂತೆ. ನಾನು ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಖರೆ ಹೇಳುತ್ತೇನೆ, ಚುಕ್ಕೆಯನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಯಾರ ಮಾತಿಗೆ ತೂಕ ಹೆಚ್ಚು ಎಂದು ನೋಡಿದೆ. "ಸಾಹೇಬ್ರ ಆಯುಷ್ಯಾನ ವಿಮಾನದಾಗ ಹೋಗೈತಿ. ನೀ ಒಂದ ಸಲಾನೂ ಹತ್ತಿಲ್ಲ. ಎರಡನೂರು ಅಂತನ ಮಾಡು" ಎಂದೆ. ನೀನು ಫೋಟೋ ಇಸಿದುಕೊಂಡು ಒಳಗೆ ಹೋದೆ. ಬೇರೆ ಮನೆಯಲ್ಲಾಗಿದ್ದರೆ ವಾದ ಮಾಡುತ್ತಿದ್ದೆಯೇನೋ. ಈ ಮನೆಯಲ್ಲಿ ನನ್ನ ಎದುರು ಯಾರು ವಾದ ಮಾಡಿದ್ದಾರೆ?

ಆ ವಿಮಾನ ನನ್ನ ಕೈಗೆ ಬಂದ ದಿನ ಒಗ್ಗರಣೆ ಹಾಕಿ ಎದ್ದು ಬಂದಿದ್ದೆ. ಮಣೆಯ ಮೇಲೆ ಕೂತೆ, ಕಣ್ಣು ಮುಚ್ಚಿದೆ. ಮೂಗು ಸರಿ, ರೆಕ್ಕೆ ಸರಿ, ಬಾಲ ಸರಿ. ಎಂಜಿನ್ನಿನ ಮೇಲೆ ಬೆರಳು ಹಿಂದಕ್ಕೆ ಸರಿಯಿತು, ತಡೆಯಿತು. ಇನ್ನೊಂದು ಕಡೆಯೂ ತಡೆಯಿತು.

"ದತ್ತು, ಇಲ್ಲಿ ತೆಗ್ಗ ಅದಾವ."

"ಅದಾವ್ರಿ ವೈನಿ. ಇರಾಕಬೇಕು."

"ಏನ ಅಂತ ಮಾತಾಗಿತ್ತು?"

"ಎರಡನೂರು."

"ಎರಡನೂರಕ್ಕ ತೆಗ್ಗ ಇರ್ತಾವೇನು?"

ನೀನು ಅಂದೆ. "ಇಲ್ರಿ."

ಕಣ್ಣು ತೆರೆದು ನೋಡಿದೆ. ಎರಡು ಕುಳಿ, ಒಂದೊಂದೂ ಹುಣಸೆ ಬೀಜದಷ್ಟು. ಉಳಿದ ಮೈಯೆಲ್ಲ ಇನ್ನೂ ಬಿಳಿ ಮಣ್ಣಿನದೇ ಇತ್ತು. ಕುಳಿಗಳಿಗೆ ಮಾತ್ರ ನೀನು ಆಗಲೇ ಎಣ್ಣೆಬಣ್ಣದ ಕಪ್ಪು ಹಚ್ಚಿದ್ದೆ. ಆಮೇಲೆ ಬ್ರಷ್ಷು ಹೋಗುವುದಿಲ್ಲ ಎಂದು ಇರಬೇಕು. ತಿದ್ದು ಎಂದು ನಿನಗೇ ಕೊಟ್ಟಿದ್ದರೆ ನೀನು ತಡ ಮಾಡುತ್ತೀ ಎಂದು ನನಗೆ ಗೊತ್ತಿತ್ತು. ಕಟ್ಟಿಗೆಪುಡಿ ಕಲಸಿದೆ, ನನ್ನ ಕೈಯಿಂದಲೇ ತುಂಬಿದೆ, ಹೆಬ್ಬೆರಳಿನಿಂದ ಒತ್ತಿ ಮಟ್ಟ ಮಾಡಿದೆ. ನಲವತ್ತು ವರ್ಷ ಮಾಡಿದ ಕೆಲಸ, ಹೊತ್ತು ಹಿಡಿಯಲಿಲ್ಲ. ನೀನು ಬಾಗಿಲಲ್ಲಿ ನಿಂತು ಪೂರ್ತಿ ನೋಡಿದೆ. "ಚೊಲೊ ಆತ ಬಿಡ್ರಿ" ಎಂದೆ. ನಿನ್ನ ದನಿಯಲ್ಲಿ ಸಿಟ್ಟಿತ್ತೇ? ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಬಣ್ಣವಾಗಿ ಅದು ಕಡೆಯ ಸಲ ನನ್ನ ಕೈಗೆ ಬಂದಾಗ ಹೊಟ್ಟೆಯ ಕೆಳಗೆ ಬೆರಳಾಡಿಸಿದೆ. ಈ ಮನೆಯಲ್ಲಿ ಮಾಡಿದವರು ಗೊಂಬೆಯ ಅಡಿಗೆ, ಮಣ್ಣು ಹಸಿ ಇದ್ದಾಗ, ಹೆಬ್ಬೆರಳು ಒತ್ತುತ್ತಾರೆ. ಮೇಲೆ ಬಣ್ಣ ಬಂದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ. ಹನ್ನೊಂದು ವಿಮಾನಗಳ ಅಡಿಗೂ ನಿನ್ನ ಹೆಬ್ಬೆರಳಿತ್ತು. ಇದರ ಅಡಿ ನುಣ್ಣಗಿತ್ತು. ನೀನು ಮರೆಯುವವನಲ್ಲ. ನನಗೆ ತಿಳಿಯಿತು. ತಿಳಿದೂ "ಹೋಗಲಿ" ಎಂದೆ. ಹೋಯಿತು.

ನೀನು ಹೋದ ದಿನ ಮೂರು ಸಲ ಊಟಕ್ಕೆ ಕರೆದೆ. ವಿಮಾನಗಳು ಹುಕ್ಕೇರಿಗೆ ಹೋಗಿ ಒಂದು ತಿಂಗಳೂ ಆಗಿರಲಿಲ್ಲ. ನಿನ್ನ ಬೆನ್ನು ಯಾವಾಗಲೂ ನಮ್ಮ ಕಡೆಗೇ. ಹಿತ್ತಲಿನಿಂದ ಬೆಳಕು ಬರುತ್ತದೆ ಎಂದು ಆ ಕಡೆ ಮುಖ ಮಾಡಿ ಕೂಡುತ್ತಿದ್ದೆ, ಮರ ತಿಕ್ಕುವ ಸಪ್ಪಳದಲ್ಲಿ ಯಾರ ಮಾತೂ ನಿನಗೆ ಕೇಳುತ್ತಿರಲಿಲ್ಲ. ಅವತ್ತು ಸಪ್ಪಳ ಇರಲಿಲ್ಲ. ಹೋಗಿ ಹೆಗಲ ಮೇಲೆ ಕೈ ಇಟ್ಟೆ. ನನ್ನ ಬೆರಳುಗಳು ಹೇಳಿದವು. ಬಾಜೂಕ್ಕೆ ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. "ಸುನಂದಾ, ಒಲಿ ಆರಿಸು, ಅಂಟ ತಳಾ ಹತ್ತತೈತಿ" ಎಂದೆ. ನೀನು ಹೋದ ಮೇಲೆ ನಾನಾಡಿದ ಮೊದಲ ಮಾತು ಅದು. ಓಣಿಯವರು ಅದನ್ನು ಇನ್ನೂ ಆಡುತ್ತಾರಂತೆ. ಆಡಲಿ. ಅಂಟು ತಳ ಹತ್ತುತ್ತಲೇ ಇತ್ತು.

ಹದಿನೈದು ದಿನಗಳ ಹಿಂದೆ, ಮಧ್ಯಾಹ್ನ ಊಟವಾದ ಮೇಲೆ, ಮುಜಾವರ ಸಾಹೇಬರು ಬಂದರು. ಬಂದವರು ಚಹಾ ಬೇಡ ಎಂದರು. ಆಗಲೇ ನನಗೆ ಏನೋ ಇದೆ ಅನಿಸಿತು. ಅವರ ಜೊತೆ ಕೆಲಸ ಕಲಿತ ಮುದುಕರೊಬ್ಬರು ಫ್ರಾನ್ಸಿನಲ್ಲಿದ್ದಾರಂತೆ. ನೀನು ಹಠ ಹಿಡಿದದ್ದು ಮನಸ್ಸಿನಲ್ಲಿ ಉಳಿದು ಸಾಹೇಬರು ಆ ಮುದುಕರಿಗೆ ಹನ್ನೆರಡನೆಯ ಫೋಟೋ ಕಳಿಸಿದ್ದರು. ಉತ್ತರವಾಗಿ ಅಲ್ಲಿಂದ ಇನ್ನೊಂದು ಚಿತ್ರ ಬಂದಿತ್ತು. ಅದೇ ವಿಮಾನ, ಹಿಂದಿನಿಂದ ತೆಗೆದದ್ದು. ಸಾಹೇಬರು ಸಂಕೇಶ್ವರದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ತಂದಿದ್ದರು. ಮಣೆಯ ಮುಂದೆ ಇಟ್ಟರು.

"ಅಕ್ಕಾರ, ದತ್ತೋಬಾಂದ ಖರೆ ಇತ್ತು."

ಹುಲ್ಲಿನ ಮೇಲೆ ವಿಮಾನ ನಿಂತಿದೆ. ಎರಡೂ ಎಂಜಿನ್ನುಗಳ ಹಿಂಬದಿಗೆ ಒಂದೊಂದು ಕುಳಿ. ಒಂದು ಖಾಲಿ. ಇನ್ನೊಂದರಲ್ಲಿ ಎದೆಯವರೆಗೆ ಮುಳುಗಿ ಒಬ್ಬ ಮನುಷ್ಯ ಕೂತಿದ್ದಾನೆ. ತಲೆಗೆ ತೊಗಲಿನ ಟೊಪ್ಪಿಗೆ. ಉಳಿದವರೆಲ್ಲ ಮುಂದೆ ನೋಡುವ ವಿಮಾನದಲ್ಲಿ ಅವನೊಬ್ಬ ಹಿಂದಕ್ಕೆ ಮುಖ ಮಾಡಿದ್ದಾನೆ. ನಮ್ಮ ಕಡೆಗೆ. ನಾನು ಬಹಳ ಹೊತ್ತು ನೋಡಿದೆ ಎಂದು ಸುನಂದಾ ಹೇಳುತ್ತಾಳೆ.

"ನಂದ ತಪ್ಪರಿ" ಎಂದರು ಸಾಹೇಬರು. "ನನ್ನ ಹನ್ನೆರಡ ಪೂರಾ ಆಗ್ಲಿ ಅಂತ ಹಠಾ ಹಿಡದೆ. ಅಂವಾ ಇದ್ದಾಗ ಹೇಳಾಕ ಆಗ್ಲಿಲ್ಲ."

"ಈಗೇನ ಮಾಡ್ತೀರಿ?"

"ಕಪಾಟಿನಾಗಿನ ಚೀಟಿ ಬದಲಿ ಮಾಡ್ತೇನ್ರಿ. ಗೊಂಬಿ ಹಂಗ ಇರ್ಲಿ. ಹುಕ್ಕೇರ್ಯಾಗ ಅದರ ಬೆನ್ನ ಯಾರ ತಿರುವಿ ನೋಡ್ತಾರು?" ದನಿ ತಗ್ಗಿಸಿದರು. "ಹೊಳ್ಳಿ ತಂದ್ರ ಏನಾಗತೈತಿ ಅಂತ ದತ್ತೋಬಾ ನನಗ ಒಮ್ಮೆ ಹೇಳಿದ್ದ. ನನ್ನ ಸಲುವಾಗಿ ನೀವು ಮಣಿ ಬಿಡೂದು ಬ್ಯಾಡ್ರಿ ಅಕ್ಕಾರ."

ಒಳ್ಳೆಯ ಮನುಷ್ಯ. ನನಗೊಂದು ಬಾಗಿಲು ತೆರೆದಿಟ್ಟು ಹೋದರು. ಸುನಂದಾ ಅವರಿಗೆಂದು ತೆಗೆದಿಟ್ಟಿದ್ದ ಖಾಲಿ ಚಹಾದ ಬಟ್ಟಲನ್ನೇ ಎರಡು ಸಲ ತೊಳೆದಳು.

ಎರಡು ದಿನ ಎಂದಿನ ಹಾಗೇ ಇದ್ದೆ. ರೊಟ್ಟಿ ಬಡಿದೆ, ಆರು ಬಾಳೆಹಣ್ಣು, ಎರಡು ಗಿಣಿ ನೋಡಿ ಹೋಗಲಿ ಎಂದೆ. ಸಾಹೇಬರ ಮಾತು ಸರಿಯಾಗಿ ಕಾಣುತ್ತಿತ್ತು. ಯಾರು ತಿರುವಿ ನೋಡುತ್ತಾರೆ? ಸತ್ತವನಂತೂ ನೋಡುವುದಿಲ್ಲ. ಮೂರನೆಯ ದಿನ ಗಿಣಿಯೊಂದರ ಅಡಿಗೆ ಬೆರಳು ಹೋದಾಗ ಹೆಬ್ಬೆರಳಿನ ಗುರುತು ಸಿಕ್ಕಿತು. ನಿನ್ನದೇ, ನೀನು ಮಾಡಿಟ್ಟು ಹೋದದ್ದು. ಅಲ್ಲಿಗೇ ಕೈ ನಿಂತಿತು. ಆ ಇನ್ನೊಂದರ ನುಣ್ಣನೆಯ ಹೊಟ್ಟೆ ನೆನಪಾಯಿತು. ತಪ್ಪು ನೋಡಿದ್ದು ಸಾಹೇಬರ ಕಣ್ಣು ಇರಬಹುದು. ಮುಚ್ಚಿದ್ದು ನನ್ನ ಕೈ. ನಮ್ಮ ಕಸುಬಿನಲ್ಲಿ ಬೆರಳು ತಡೆದದ್ದೆಲ್ಲ ಕೊರತೆ. ಬೆರಳು ತಡೆಯುವುದೇ ಒಂದರ ಗುರುತಾಗಿರಬಹುದು ಎಂದು ನಮಗೆ ಯಾರೂ ಕಲಿಸಲಿಲ್ಲ. ನೀನು ಕಲಿಸಲು ಬಂದಿದ್ದೆ. ನಾನು...

ಸುನಂದಾಳನ್ನು ಕರೆದುಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ಶಾಲೆಯಲ್ಲಿ ಕಪಾಟು ಚೆನ್ನಾಗಿದೆ, ದತ್ತು. ನೀನು ನೋಡಲಿಲ್ಲ. ಬಸುರಿ ನಡುವೆ ಕೂತಿದ್ದಾಳೆ, ಫಾರ್ಮಾನ್ ಮೇಲಿನ ಹಲಗೆಯಲ್ಲಿದೆ. ನಮ್ಮ ಹನ್ನೆರಡನೆಯದು ಮೂಲೆಯಲ್ಲಿತ್ತು. ಅಲ್ಲಿ ಕಲಿಸುವ ಬಾಯಾರು ಕಪಾಟಿನ ಕೀಲಿ ತೆಗೆಯುತ್ತ, "ಒಡದೈತೇನ್ರಿ ಅಜ್ಜಿ?" ಎಂದರು. "ಇಲ್ರಿ. ನನ್ನ ಕೈ ತಪ್ಪೈತಿ" ಎಂದೆ. ಆ ಮಾತು ನಾನು ಹುಟ್ಟಿದ ಮೇಲೆ ಮೊದಲ ಸಲ ಆಡಿದ್ದು. ಏನೂ ಆಗಲಿಲ್ಲ. ಅವರು, "ಹೌದ್ರೀ?" ಎಂದು ಚೀಲ ಹುಡುಕಲು ಹೋದರು. ನಾನು ಚೀಲ ಬೇಡ ಎಂದು ಸೀರೆಯ ತುಂಡಿನಲ್ಲಿ ಸುತ್ತಿಕೊಂಡೆ. ಬರುವಾಗ ಘಟಪ್ರಭಾದಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಬಾಜೂಕ್ಕೆ ಕೂತು, ನನ್ನ ಮಡಿಲು ನೋಡಿ, "ಕೂಸು ಮಕ್ಕೊಂಡೈತೇನ್ರಿ?" ಎಂದಳು. "ವಿಮಾನ" ಎಂದೆ. ಗೋಕಾಕ ಬರುವವರೆಗೆ ಅವಳು ಆಚೆ ಮುಖ ಮಾಡಿ ಕೂತಳು.

ಮರುದಿನ ಬೆಳಿಗ್ಗೆ ನಿನ್ನ ಕೋಣೆಯಲ್ಲಿ, ನಿನ್ನ ಜಾಗದಲ್ಲಿ, ಹಿತ್ತಲಿನ ಕಡೆ ಮುಖ ಮಾಡಿ ಕೂತೆ. ಮೇಲಿನ ಬಣ್ಣ ಕೆರೆದು, ನಾನು ತುಂಬಿದ ಕಡೆ ಒದ್ದೆ ಬಟ್ಟೆ ಇಟ್ಟೆ. ಹುಣಸೆ ಅಂಟಿಗೆ ನೀರು ತಾಗಿದರೆ ಮೆತ್ತಗಾಗುತ್ತದೆ. ಆಮೇಲೆ ನಿನ್ನ ಬಾಗಿದ ಸಣ್ಣ ಉಳಿಯಿಂದ ಸ್ವಲ್ಪ ಸ್ವಲ್ಪವೇ ತೆಗೆದೆ. ಅವಸರ ಮಾಡಲಿಲ್ಲ. ಕೆಳಗೆ ನಿನ್ನ ಎಣ್ಣೆಬಣ್ಣದ ಕಪ್ಪು ಹಾಗೇ ಇತ್ತು, ನೀರಿಗೆ ಅದು ಅಲುಗುವುದಿಲ್ಲ. ಬೆಳಕಿಗೆ ತಿರುಗಿಸಿದೆ. ಆ ಕಪ್ಪಿನಲ್ಲಿ ಗೆರೆಗಳಿದ್ದವು. ಸುತ್ತು ಸುತ್ತು. ಆ ಕುಳಿಗೆ ಬ್ರಷ್ಷು ಸರಿಹೋಗದೆ ನೀನು ಕಿರುಬೆರಳಿನಿಂದ ಬಣ್ಣ ಒತ್ತಿದ್ದೆ. ಇನ್ನೊಂದು ಕುಳಿಯಲ್ಲೂ ಹಾಗೇ.

ಈ ವಿಮಾನಕ್ಕೆ ನೀನು ಗುರುತು ಹಾಕಿಲ್ಲ ಎಂದುಕೊಂಡಿದ್ದೆ. ಹಾಕಿದ್ದೆ. ನಾನು ಅದರ ಮೇಲೆಯೇ ಕಟ್ಟಿಗೆಪುಡಿ ತುಂಬಿ ಹೆಬ್ಬೆರಳಿನಿಂದ ಒತ್ತಿದ್ದೆ. ಅಡಿಗೆ ಇನ್ನೊಂದು ಸಲ ಹಾಕಲು ನಿನಗೆ ಮನಸ್ಸಾಗಲಿಲ್ಲ. ಯಾರಿಗೆ ತಾನೇ ಆಗುತ್ತದೆ? ಅಳು ಬಂತೇ ಎಂದು ಕೇಳಬೇಡ. ಒದ್ದೆ ಬಟ್ಟೆಯನ್ನು ಹಿಂಡಿ ಹಿತ್ತಲಿನ ಹಗ್ಗಕ್ಕೆ ಹಾಕಿದೆ. ಉಳಿಯನ್ನು ಒರೆಸಿ ಅದರ ಜಾಗದಲ್ಲಿಟ್ಟೆ.

ಕೆರೆದ ಕಡೆ ಬಣ್ಣ ಸರಿ ಮಾಡಿ, ಒಣಗಿದ ಮೇಲೆ ಸುನಂದಾಳನ್ನು ಪಡಸಾಲೆಗೆ ಕರೆದೆ. ಮಣೆ ತೋರಿಸಿದೆ.

"ಕುಂಡ್ರು."

"ನಾನ್ಯಾಕ್ರಿ ಅತ್ತಿ? ನೀವ ಇದ್ದಾಗ..."

"ಹೊಳ್ಳಿ ಬಂದೈತಿ. ಕುಂಡ್ರು. ಕಣ್ಣ ಮುಚ್ಚು."

ಕೂತಳು. ವಿಮಾನವನ್ನು ಅವಳ ಕೈಯಲ್ಲಿಟ್ಟು ನಾನು ಕಂಬದ ಹತ್ತಿರ ನಿಂತೆ. ಮೂಗು ನೋಡಿದಳು, ರೆಕ್ಕೆ ನೋಡಿದಳು, ಬಾಲ ನೋಡಿದಳು. ಅವಳ ಕೈ ನನ್ನಷ್ಟು ಜೋರಿಲ್ಲ, ನಿಧಾನ. ಎಂಜಿನ್ನಿನ ಹಿಂಬದಿಗೆ ಬಂದಾಗ ಬೆರಳು ತಡೆಯಿತು. ಹುಬ್ಬು ಗಂಟಿಕ್ಕಿದವು.

"ತೆಗ್ಗ ಅದಾವ್ರಿ ಅತ್ತಿ. ಎರಡು."

ಅವಳು ಕಿರುಬೆರಳನ್ನು ಒಳಗೆ ಇಳಿಸಿದಳು. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಳು.

"ಬೆರಳ ಸರಿಯಾಗಿ ಕುಂಡ್ರತೈತ್ರಿ ಇಲ್ಲಿ" ಎಂದಳು. ಆಮೇಲೆ, ಕಣ್ಣು ಮುಚ್ಚಿಕೊಂಡೇ, "ಹೋಗ್ಲಿ" ಎಂದಳು.

ಸಾಹೇಬರು ನಿನ್ನೆ ಬಂದು ಒಯ್ದರು. ಹೊಸ ಚೀಟಿ ತೋರಿಸಿದರು. ಬ್ಲೆರಿಯೋ ೧೨೭. ಗುರುತು ಹಿಡಿದವರು, ಮಾಡಿದವರು: ದತ್ತು, ಗೋಕಾಕ. ಓದಿ ನೋಡಿ ಅಕ್ಷರ ಸರಿಯಿವೆ ಎಂದೆ.

ಇವತ್ತು ಬೆಳಿಗ್ಗೆ ಸುನಂದಾ ಮಣೆಯ ಮೇಲೆ ಕೂತು ಎಂಟು ಪೇರಲ ನೋಡಿದಳು. ಒಂದನ್ನು ಹಿಂದಕ್ಕೆ ಕಳಿಸಿದಳು. ಯಾಕೆ ಎಂದು ನಾನು ಕೇಳಲಿಲ್ಲ. ಮುಟ್ಟಿಯೂ ನೋಡಲಿಲ್ಲ.

ನಿನ್ನ ವೈನಿ